ಹಿತ್ತಲ ಓಲೆ: ಎರೆಹುಳು ಸಾಕುವವರ ಸಂಕಟಗಳು

ಹೋದ ಸಂಚಿಕೆಯಲ್ಲಿ ಬಸಳೆ ಚಪ್ಪರದ ಬಗ್ಗೆ ಎರಡು ಪುಟ ಬರೆದು, ಕೊನೆಗೆ ‘ನಮ್ಮ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಎರೆಹುಳುವಿನ ಡಬ್ಬವೊಂದಿದೆ, ಬಸಳೆಗೆ ಅದರದ್ದೇ ಗೊಬ್ಬರ’ ಎಂದು ಒಂದು ಸಾಲು ಸೇರಿಸಿದ್ದೆ. ಬಸಳೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಡಬ್ಬದ ಮೇಲೆ. ಕೆಲವರು ಹೆಸರು ಹಾಕಬೇಡಿ ಎಂದು ಬೇಡಿಕೊಂಡಿದ್ದಾರೆ. ಹುಳು ಸಾಕುವುದರಲ್ಲಿ ನಾಚಿಕೆ ಏಕೋ ನನಗೆ ತಿಳಿಯದು. ಇರಲಿ, ಎಲ್ಲರದ್ದೂ ಊರಿನ ಹೆಸರಷ್ಟೇ ಹಾಕಿದ್ದೇನೆ.

ನಾನು ಕೃಷಿ ಓದಿದವಳಲ್ಲ. ಕೊಡಗಿನ ಮೂರ್ನಾಡಿನ ಹತ್ತಿರ ಮೂರು ಎಕರೆ ಕಾಫಿ, ಮನೆಯ ಹಿಂದೆ ತರಕಾರಿ ಪಾತಿ, ಹನ್ನೊಂದು ವರ್ಷ ಹುಳುಗಳ ಒಡನಾಟ. ಅಷ್ಟರಲ್ಲಿ ಎರಡು ಸಲ ಡಬ್ಬದ ಅಷ್ಟೂ ಹುಳುಗಳನ್ನು ಕೊಂದಿದ್ದೇನೆ. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಆ ಎರಡು ಸಾವುಗಳಿಂದ ಕಲಿತದ್ದು.

ಮಡಿಕೇರಿಯಿಂದ: ನಮಸ್ಕಾರ ಅಕ್ಕ. ನಾವು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಬಾಲ್ಕನಿಯಲ್ಲಿ ಹತ್ತು ಹನ್ನೆರಡು ಕುಂಡಗಳಿವೆ. ಡಬ್ಬ ಎಂಥದ್ದು ಬೇಕು? ಹುಳು ದುಡ್ಡು ಕೊಟ್ಟೇ ತರಬೇಕೇ? ಅಮ್ಮನ ಮನೆಯ ತೋಟದಲ್ಲಿ ಅಗೆದರೆ ಬೇಕಾದಷ್ಟು ಸಿಗುತ್ತವೆ.

ಅಮ್ಮನ ಮನೆಯ ಹುಳು ಅಮ್ಮನ ಮನೆಯಲ್ಲೇ ಇರಲಿ. ತೋಟದಲ್ಲಿ ಗುದ್ದಲಿ ಹಾಕಿದಾಗ ಸಿಗುವ ಉದ್ದನೆಯ ಬೂದು ಹುಳು ಮಣ್ಣಿನಾಳಕ್ಕೆ ಬಿಲ ಕೊರೆದು ಬದುಕುವ ಜಾತಿ. ಅದಕ್ಕೆ ಮಣ್ಣು ಬೇಕು, ಆಳ ಬೇಕು. ಡಬ್ಬದಲ್ಲಿ ಹಾಕಿದರೆ ವಾರದೊಳಗೆ ಸಾಯುತ್ತದೆ, ಇಲ್ಲವೇ ಓಡಿಹೋಗುತ್ತದೆ. ನಿಮಗೆ ಬೇಕಾದದ್ದು ಸಗಣಿ ಗುಡ್ಡೆಯ ಮೇಲ್ಪದರದಲ್ಲಿ, ಕೊಳೆತ ತರಗೆಲೆಯ ಅಡಿಯಲ್ಲಿ ಬದುಕುವ ಕೆಂಪು ಹುಳು. ನಮ್ಮಲ್ಲಿ ಹೆಚ್ಚಾಗಿ ಸಾಕುವುದು ಮೂರು ಜಾತಿ. ಐಸೀನಿಯಾ ಫೆಟಿಡಾ ಯುರೋಪ್ ಕಡೆಯದು, ಸಣಕಲು, ಚಳಿಗೆ ಹೆದರದು. ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾದ್ದು. ದಪ್ಪಗೆ ಇರುತ್ತದೆ, ಹೊಟ್ಟೆಬಾಕ, ಆದರೆ ಚಳಿ ತಡೆಯದು, ಮಳೆಯ ರಾತ್ರಿ ಊರು ಬಿಡುವ ಚಟ ಬೇರೆ. ಮೂರನೆಯದು ನಮ್ಮ ದೇಶದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಮಡಿಕೇರಿಯ ಹವೆಗೆ ನಾನು ಐಸೀನಿಯಾ ಎನ್ನುತ್ತೇನೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಎರೆಗೊಬ್ಬರ ಮಾಡಿ ಮಾರುವ ತೋಟದವರನ್ನು ಕೇಳಿ. ತರುವಾಗ ಹುಳುವನ್ನಷ್ಟೇ ಆರಿಸಿ ತರಬೇಡಿ. ಅವು ಇದ್ದ ಗೊಬ್ಬರದ ಸಮೇತ ತನ್ನಿ. ಮೊಟ್ಟೆಗೂಡುಗಳೂ ಅದರ ಜೊತೆಗೇ ಬರುತ್ತವೆ. ಅರ್ಧ ಕೆಜಿ ಹುಳು ಎಂದರೆ ಹೆಚ್ಚು ಕಡಿಮೆ ಒಂದು ಸಾವಿರ. ನಿಮ್ಮ ಮನೆಗೆ ಧಾರಾಳ.

ಡಬ್ಬಕ್ಕೆ ಆಳ ಬೇಡ, ಅಗಲ ಬೇಕು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರದ ಪ್ಲಾಸ್ಟಿಕ್ ಟಬ್ ಸಾಕು. ಬೆಳಕು ತೂರುವ ಬಿಳಿ ಟಬ್ ಬೇಡ, ಗಾಢ ಬಣ್ಣದ್ದಿರಲಿ. ತಳದಲ್ಲಿ ಹದಿನೈದು ಇಪ್ಪತ್ತು ತೂತು, ಮೇಲಂಚಿನ ಕೆಳಗೆ ಸುತ್ತಲೂ ಇನ್ನಷ್ಟು ತೂತು. ಪೆನ್ಸಿಲ್ ದಪ್ಪವಾದರೆ ಸರಿ. ಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಟ. ಚರ್ಮ ಒಣಗಿದರೂ ಸಾವು, ನೀರು ನಿಂತು ಗಾಳಿ ತಪ್ಪಿದರೂ ಸಾವು. ಟಬ್ಬನ್ನು ನಾಲ್ಕು ಇಟ್ಟಿಗೆಯ ಮೇಲೆ ಇಟ್ಟು ಅಡಿಯಲ್ಲಿ ಒಂದು ತಟ್ಟೆ ಇಡಿ, ಕೆಳಗಿನ ಮನೆಯವರ ಜೊತೆ ಜಗಳ ಉಳಿಯುತ್ತದೆ.

ಇನ್ನು ಹಾಸಿಗೆ. ಹೊಸಬರು ಎಡವುವುದೇ ಇಲ್ಲಿ. ಹುಳುವಿಗೆ ಊಟ ಹಾಕುವ ಆತುರದಲ್ಲಿ ಹಾಸಿಗೆ ಹಾಸುವುದನ್ನು ಮರೆಯುತ್ತಾರೆ. ಬೆರಳಗಲ ಹರಿದ ಹಳೆಯ ಪತ್ರಿಕೆ, ಒಣಗಿದ ತರಗೆಲೆ, ತೆಂಗಿನ ನಾರಿನ ಪುಡಿ, ಒಂದೆರಡು ತಿಂಗಳು ಹಳೆಯದಾದ ಸಗಣಿ, ಒಂದು ಹಿಡಿ ತೋಟದ ಮಣ್ಣು, ಎಲ್ಲ ಸೇರಿ ಒಂದು ಗೇಣು ದಪ್ಪ. ಹುಳುವಿಗೆ ಹಲ್ಲಿಲ್ಲ, ಕೋಳಿಯ ಹಾಗೆ ಒಳಗೆ ಗಿಜ್ಜರು ಇದೆ, ಅದರಲ್ಲಿ ಅರೆಯಲು ಮರಳು ಬೇಕು, ಆ ಮಣ್ಣು ಅದಕ್ಕಾಗಿ. ಎಲ್ಲವನ್ನೂ ನೆನೆಸಿ, ನೆಲ ಒರೆಸುವ ಬಟ್ಟೆಯನ್ನು ಹಿಂಡಿದಷ್ಟು ತೇವ ಉಳಿಸಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅದುಮಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ಧಾರೆ ಇಳಿದರೆ ಒಣ ಕಾಗದ ಸೇರಿಸಿ. ಏನೂ ಕಾಣದಿದ್ದರೆ ನೀರು ಚಿಮುಕಿಸಿ. ಹನ್ನೊಂದು ವರ್ಷದಿಂದ ನನ್ನ ಬಳಿ ಇರುವ ಉಪಕರಣ ಈ ಮುಷ್ಟಿ ಒಂದೇ.

ಹುಳು ಬಿಟ್ಟ ಮೇಲೆ ಮೂರು ನಾಲ್ಕು ದಿನ ಏನೂ ಹಾಕಬೇಡಿ. ಆಮೇಲೆ ದಿನಕ್ಕೆ ಎರಡು ಹಿಡಿ ಸಿಪ್ಪೆ, ಸಣ್ಣದಾಗಿ ಹೆಚ್ಚಿ, ಒಂದು ಮೂಲೆಯಲ್ಲಿ ಹೂತು, ಮೇಲೆ ಕಾಗದ ಮುಚ್ಚಿ. ಮರುದಿನ ಪಕ್ಕದ ಮೂಲೆ. ಅರ್ಧ ಕೆಜಿ ಹುಳು ಚೆನ್ನಾಗಿ ಒಗ್ಗಿದ ಮೇಲೆ ದಿನಕ್ಕೆ ಕಾಲು ಕೆಜಿಯವರೆಗೂ ಮುಗಿಸಬಲ್ಲದು, ಆದರೆ ಅಲ್ಲಿಗೆ ಮುಟ್ಟಲು ತಿಂಗಳುಗಳು ಬೇಕು. ಇನ್ನೊಂದು ಮಾತು, ಈ ಅಂಕಣದ ಉಳಿದ ಉತ್ತರಗಳಿಗೂ ಇದೇ ಆಧಾರ: ಹುಳು ತಿನ್ನುವುದು ನಿಮ್ಮ ಬೀನ್ಸ್ ತೊಟ್ಟನ್ನಲ್ಲ. ತೊಟ್ಟು ಮೆತ್ತಗಾಗಿ, ಅದರ ಮೇಲೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆದಾಗ ಅವುಗಳ ಸಮೇತ ಹೀರಿಕೊಳ್ಳುತ್ತದೆ. ಹುಳುವಿಗಿಂತ ಮೊದಲು ಪಂಕ್ತಿಯಲ್ಲಿ ಕೂರುವವರು ಕಣ್ಣಿಗೆ ಕಾಣದ ಇನ್ಯಾರೋ. ‘ನಿನ್ನೆ ಹಾಕಿದ ಸೌತೆಕಾಯಿ ಸಿಪ್ಪೆ ಹಾಗೇ ಇದೆ, ಹುಳುಗಳಿಗೆ ಹಸಿವಿಲ್ಲವೇನೋ’ ಎಂದು ಮೇಲಿಂದ ಇನ್ನಷ್ಟು ಸುರಿದರೆ ಡಬ್ಬ ಹುಳಿ ಬರುತ್ತದೆ. ಸಿಪ್ಪೆ ಕೊಳೆಯಲು ಬಿಡಿ.

ನಾಪೋಕ್ಲುವಿನಿಂದ: ಅಕ್ಕಾ, ಜೂನ್ ಕೊನೆಯಲ್ಲಿ ಹುಳು ತಂದು ಬಿಟ್ಟೆ. ಮೂರನೇ ರಾತ್ರಿಯೇ ಅರ್ಧಕ್ಕರ್ಧ ಹೊರಗೆ ಬಂದು ಗೋಡೆ ಹತ್ತುತ್ತಿದ್ದವು. ನನ್ನ ಗಂಡ ನಗುತ್ತಿದ್ದಾರೆ. ನಾನು ಮಾಡಿದ ತಪ್ಪೇನು?

ನಿಮ್ಮ ಯಜಮಾನರು ನಗಲಿ, ನಮ್ಮ ಮನೆಯಲ್ಲೂ ನಕ್ಕಿದ್ದಾರೆ. ನನ್ನ ಮೊದಲ ವರ್ಷ, ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ, ಎರಡು ದಿನದಿಂದ ಕರೆಂಟಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ನಾಯಿ ಹಿಂಜಗಲಿಯಲ್ಲಿ ಒಂದೇ ಸಮನೆ ಕುಂಯ್‌ಗುಡುತ್ತಿತ್ತು. ಟಾರ್ಚ್ ಹಿಡಿದು ಬಾಗಿಲು ತೆರೆದೆ. ನಮ್ಮದು ಹಳೆಯ ಕೆಂಪು ಗಾರೆಯ ನೆಲ. ಅದರ ಮೇಲೆ ಯಾರೋ ಕೆಂಪು ದಾರದ ಉಂಡೆ ಬಿಚ್ಚಿ ಎಳೆದ ಹಾಗೆ ಕಾಣಿಸಿತು. ಕಾಲಿಡುವ ಮುನ್ನ ದಾರ ಅಲುಗಿತು. ಡಬ್ಬದ ಮುಚ್ಚಳದ ಅಂಚಿನಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು, ಒಂದೊಂದೇ ಕೆಳಗೆ ಬೀಳುವ ಸದ್ದು ಕೇಳುತ್ತಿತ್ತು. ಗೋಡೆಯ ಮೇಲೆ ಎದೆಯ ಎತ್ತರದವರೆಗೂ ಹತ್ತಿದ್ದವು. ಅವುಗಳನ್ನು ಬೆರಳಿನಲ್ಲಿ ಹಿಡಿದರೆ ಜಾರುತ್ತವೆ, ಗಟ್ಟಿ ಹಿಡಿದರೆ ತುಂಡಾಗುತ್ತವೆ. ಕೊನೆಗೆ ಬಾಳೆ ಎಲೆಯ ತುಂಡಿನಿಂದ ಮೆಲ್ಲಗೆ ಗೋರಿ ಮೊರಕ್ಕೆ ತುಂಬಿದೆ. ನಮ್ಮವರು ಟಾರ್ಚ್ ಹಿಡಿದುಕೊಂಡು, ‘ಹೊರಟವರನ್ನು ತಡೆಯಬಾರದು, ಒಂದು ಲೋಟ ಕಾಫಿ ಕೊಟ್ಟು ಕಳಿಸು’ ಎಂದರು. ಬೆಳಿಗ್ಗೆ ನೋಡಿದರೆ ಸೌದೆ ರಾಶಿಯ ಪಕ್ಕದ ಮೂಲೆಯಲ್ಲಿ ತಪ್ಪಿಸಿಕೊಂಡ ಐವತ್ತು ಅರವತ್ತು ಹುಳುಗಳು ಬೂದಿ ಹತ್ತಿ ಒಣಗಿ ಸುರುಟಿಕೊಂಡಿದ್ದವು.

ಡಬ್ಬವನ್ನು ಬಗ್ಗಿಸಿದ ಮೇಲೆ ಗೊತ್ತಾಯಿತು. ತಳದ ತೂತುಗಳಿಂದ ಹುಳು ಬೀಳದಿರಲಿ ಎಂದು ನಾನೇ ಜಾಣತನದಿಂದ ಹಳೆಯ ಪಂಚೆಯ ತುಂಡು ಹಾಸಿದ್ದೆ. ಅದು ಹಿಕ್ಕೆಯಿಂದ ಮೆತ್ತಿ ರಬ್ಬರಿನಂತಾಗಿ, ಅಡಿಯಲ್ಲಿ ಮೂರು ಬೆರಳು ಕಪ್ಪು ನೀರು ನಿಂತಿತ್ತು. ಕೊಳೆತ ಮೊಟ್ಟೆಯ ವಾಸನೆ. ಹುಳುಗಳು ಊರು ಬಿಟ್ಟದ್ದು ಚಪಲಕ್ಕಲ್ಲ, ಉಸಿರು ಕಟ್ಟಿ.

ನಿಮ್ಮದರಲ್ಲಿ ಎರಡು ಕಾರಣ ಇರಬಹುದು. ಹೊಸ ಜಾಗಕ್ಕೆ ಬಂದ ಹುಳು ಮೊದಲ ಕೆಲವು ರಾತ್ರಿ ದಾರಿ ಹುಡುಕುವುದು ಸಹಜ. ಅದಕ್ಕೆ ಮದ್ದು ಬೆಳಕು: ಡಬ್ಬದ ಮೇಲೆ ಒಂದು ಸಣ್ಣ ಬಲ್ಬನ್ನು ರಾತ್ರಿಯಿಡೀ ಉರಿಸಿ. ಅವಕ್ಕೆ ಕಣ್ಣಿಲ್ಲದಿದ್ದರೂ ಚರ್ಮಕ್ಕೆ ಬೆಳಕು ತಿಳಿಯುತ್ತದೆ, ಒಳಗೇ ಇರುತ್ತವೆ. ಮೂರು ನಾಲ್ಕು ರಾತ್ರಿ ಕಳೆದ ಮೇಲೂ ಹೊರಡುತ್ತಿದ್ದರೆ ತಪ್ಪು ಡಬ್ಬದೊಳಗೇ ಇದೆ. ಕೈಯನ್ನು ತಳದವರೆಗೂ ಇಳಿಸಿ, ಒಂದು ಹಿಡಿ ತೆಗೆದು ಹಿಂಡಿ. ಮೂಸಿ ಸಹ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ನಿಶ್ಚಿಂತೆ. ನಮ್ಮ ಕಡೆ ಮಳೆಗಾಲದಲ್ಲಿ ಬೇರೆ ನೀರು ಹಾಕುವುದೇ ಬೇಡ. ಗಾಳಿಯಲ್ಲಿರುವ ತೇವವೇ ಡಬ್ಬಕ್ಕೆ ಸಾಕಾಗಿ ಹೆಚ್ಚಾಗುತ್ತದೆ. ನಾನು ಮೇ ತಿಂಗಳಲ್ಲೇ ಎರಡು ಗೋಣಿಚೀಲ ಒಣ ತರಗೆಲೆ ತುಂಬಿ ಅಟ್ಟದಲ್ಲಿ ಇಟ್ಟುಕೊಳ್ಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹಿಡಿ ಸಿಪ್ಪೆ ಹಾಕಿದರೆ ಒಂದು ಹಿಡಿ ತರಗು. ಪ್ಲಾಸ್ಟಿಕ್ ಮುಚ್ಚಳ ತೆಗೆದಿಟ್ಟು ಗೋಣಿ ಮುಚ್ಚಿ. ಮುಚ್ಚಳದ ಒಳಗೆ ಹಬೆ ಕಟ್ಟಿ ಹನಿ ಹನಿಯಾಗಿ ವಾಪಸು ಬೀಳುವುದೂ ಒಂದು ಮಳೆಯೇ.

ಮಾದಾಪುರದಿಂದ: ನಾವು ಸಣ್ಣ ಬೆಳೆಗಾರರು. ಮನೆಯಲ್ಲೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಸಣ್ಣ ಯಂತ್ರ, ಬೇಬಿ ಪಲ್ಪರ್ ಇದೆ. ಅರೇಬಿಕಾ ಕೊಯ್ಲಿನ ಸಮಯದಲ್ಲಿ ಹಣ್ಣಿನ ಸಿಪ್ಪೆ ರಾಶಿ ಬೀಳುತ್ತದೆ. ಅದನ್ನು ನೇರವಾಗಿ ಹುಳುವಿಗೆ ಹಾಕಬಹುದೇ? ಕಳೆದ ವರ್ಷ ಹಾಕಿ ಎಲ್ಲ ಸತ್ತವು.

ನನ್ನ ಎರಡನೇ ಹತ್ಯಾಕಾಂಡವೂ ಇದರಿಂದಲೇ. ಕಾಫಿ ಹಣ್ಣಿನ ತೂಕದಲ್ಲಿ ಹೆಚ್ಚು ಕಡಿಮೆ ಶೇ. 40ರಷ್ಟು ಈ ಸಿಪ್ಪೆಯೇ. ಪಲ್ಪರ್‌ನಿಂದ ಬಂದದ್ದನ್ನು ರಾಶಿ ಹಾಕಿ ಮರುದಿನ ಅದರೊಳಗೆ ಕೈ ಇಟ್ಟು ನೋಡಿ, ಹಿಡಿದುಕೊಳ್ಳಲಾಗದು. ಸಕ್ಕರೆ ಅಂಶ ಹುಳಿ ಹಿಡಿಯುವಾಗ ರಾಶಿ ಒಳಗಿಂದೊಳಗೆ ಬೇಯುತ್ತದೆ, 50 ಡಿಗ್ರಿ ದಾಟುವುದು ಅದಕ್ಕೆ ಕಷ್ಟವೇ ಅಲ್ಲ. ಹುಳುವಿಗೆ ಸುಖ 15ರಿಂದ 25 ಡಿಗ್ರಿ. 35ರ ಮೇಲೆ ಬದುಕುವುದೇ ಕಷ್ಟ. ಜೊತೆಗೆ ಹಸಿ ಸಿಪ್ಪೆಯ ಹುಳಿ, ಕೆಫೀನ್ ಎರಡೂ ಅದಕ್ಕೆ ಆಗದು. ನಾನು ಮಾಡಿದ್ದು ಏನು ಗೊತ್ತೇ? ಹುತ್ತರಿ ಸುಗ್ಗಿಹಬ್ಬ ಮುಗಿದ ವಾರ, ಎರಡು ಬುಟ್ಟಿ ಹಸಿ ಸಿಪ್ಪೆಯನ್ನು ಪ್ರೀತಿಯಿಂದ ತಂದು ಡಬ್ಬದ ತುಂಬ ಹರಡಿದೆ. ಮೂರನೇ ದಿನ ಮೇಲೆತ್ತಿ ನೋಡಿದರೆ ಹುಳುಗಳು ಬೆಂದ ಶ್ಯಾವಿಗೆಯ ಹಾಗೆ ಬೆಳ್ಳಗಾಗಿದ್ದವು.

ಆದರೆ ಸಿಪ್ಪೆಯನ್ನು ದೂರ ಮಾಡಬೇಡಿ. ಅದರಲ್ಲಿರುವ ಪೊಟ್ಯಾಷ್ ತೋಟದಿಂದಲೇ ಬಂದದ್ದು, ತೋಟಕ್ಕೇ ಮರಳಬೇಕು. ಹೊಳೆಗೆ ತಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಪ್ಪೆಯ ನೀರು ಬಸಿದುಹೋಗುವಂತೆ ಇಳಿಜಾರಿನ ಜಾಗದಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ತರಗು, ಮೇಲೆ ಸಗಣಿ ಬಗ್ಗಡ, ಹೀಗೆ ಸೊಂಟದೆತ್ತರ ಏರಿಸಿ. ವಾರಕ್ಕೊಮ್ಮೆ ಮಗುಚಿ. ನಾಲ್ಕೈದು ವಾರಕ್ಕೆ ಬಿಸಿ ಇಳಿದು, ಕೆಂಪು ಹೋಗಿ ಕಪ್ಪಾಗಿ, ಹುಳಿ ವಾಸನೆ ನಿಲ್ಲುತ್ತದೆ. ಆಗ ಹುಳುವಿಗೆ ಕೊಡಿ. ಅನುಮಾನ ಇದ್ದರೆ ಒಂದು ತೆಂಗಿನ ಕರಟದಲ್ಲಿ ಸ್ವಲ್ಪ ತುಂಬಿ, ಹತ್ತು ಹುಳು ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಒಳಗೆ ಇಳಿದಿದ್ದರೆ ರಾಶಿ ಸಿದ್ಧ. ಕರಟದ ಅಂಚಿಗೆ ಬಂದು ಕೂತಿದ್ದರೆ ಇನ್ನೊಂದು ವಾರ ಕಾಯಿರಿ. ಮನೆಯಲ್ಲಿ ಸೋಸಿ ಉಳಿದ ಕಾಫಿ ಚರಟದ ವಿಷಯ ಬೇರೆ. ಬಿಸಿನೀರಿನಲ್ಲಿ ಅದರ ಖಾರವೆಲ್ಲ ಇಳಿದಿರುತ್ತದೆ. ದಿನಕ್ಕೆ ಎರಡು ಚಮಚೆ ಹಾಕಿ, ಹುಳುಗಳಿಗೂ ಅಭ್ಯಾಸವಾಗುತ್ತದೆ.

ಬೆಳೆಗಾರರಾದ ನಿಮಗೆ ಇನ್ನೆರಡು ಎಚ್ಚರಿಕೆ, ಪೇಟೆಯವರಿಗೆ ಹೇಳಬೇಕಿಲ್ಲದ್ದು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಮೆಣಸಿನ ಬಳ್ಳಿಯ ಎಲೆ, ಅದರ ಬುಡದ ತರಗು ಡಬ್ಬಕ್ಕೆ ಬೇಡವೇ ಬೇಡ. ಮೈಲುತುತ್ತದ ತಾಮ್ರ ಎರೆಹುಳುವಿಗೆ ವಿಷ, ಮಳೆಗೆ ತೊಳೆದುಹೋಯಿತು ಎಂದುಕೊಂಡರೂ ಮಣ್ಣಿನಲ್ಲಿ ಉಳಿದಿರುತ್ತದೆ. ಇನ್ನೊಂದು, ಹಸುವಿಗೆ ಜಂತುಹುಳದ ಔಷಧಿ ಕೊಟ್ಟಿದ್ದರೆ ಕನಿಷ್ಠ ಮೂರು ವಾರ ಆ ಸಗಣಿಯನ್ನು ಬಳಸಬೇಡಿ. ಔಷಧಿಗೆ ಹೊಟ್ಟೆಯ ಹುಳು ಯಾವುದು, ಡಬ್ಬದ ಹುಳು ಯಾವುದು ಎಂಬ ಭೇದ ತಿಳಿಯದು. ತರಗೆಲೆಯಲ್ಲಿ ಹಾಲುವಾಣದ್ದು ಶ್ರೇಷ್ಠ, ಬೇಗ ಕರಗುತ್ತದೆ. ಸಿಲ್ವರ್ ಓಕ್ ಎಲೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆದರೆ ಮಳೆಗಾಲದಲ್ಲಿ ಗಾಳಿಯಾಡಲು ಅದೇ ಒಳ್ಳೆಯದು.

ಸೋಮವಾರಪೇಟೆಯಿಂದ ಒಬ್ಬ ನಿವೃತ್ತ ಮೇಷ್ಟರು: ಅಮ್ಮಾ, ನಮ್ಮ ಮನೆಯಲ್ಲಿ ಕಿತ್ತಳೆ ಸಿಪ್ಪೆ, ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ) ಕಾಯಿಸಿದ ಗಸಿ, ಹಂದಿ ಮಾಂಸದ ಮೂಳೆ, ಒಲೆಯ ಬೂದಿ, ಎಲ್ಲವೂ ಇವೆ. ಇವುಗಳಲ್ಲಿ ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂದು ಪಟ್ಟಿ ಕೊಡಿ.

ಮೇಷ್ಟ್ರೇ, ಪಟ್ಟಿ ಕೊಟ್ಟರೆ ನೀವು ಗೋಡೆಗೆ ಅಂಟಿಸುತ್ತೀರಿ, ಮನೆಯವರು ಯಾರೂ ಓದುವುದಿಲ್ಲ. ಕಿತ್ತಳೆ ಸಿಪ್ಪೆ ಒಂದೆರಡು ಹಣ್ಣಿನದ್ದಾದರೆ ಪರವಾಗಿಲ್ಲ, ಮೊದಲು ಒಣಗಿಸಿ. ಹಸಿ ಸಿಪ್ಪೆಯ ಎಣ್ಣೆ ನಮ್ಮ ಮೂಗಿಗೆ ಹಿತ, ಹುಳುವಿನ ಚರ್ಮಕ್ಕೆ ಉರಿ. ಮನೆಯಲ್ಲಿ ಬುಟ್ಟಿಗಟ್ಟಲೆ ಕಿತ್ತಳೆ ಸುಲಿಯುವ ಕಾಲದಲ್ಲಿ ಅದನ್ನು ಬೇರೆ ಗುಂಡಿಗೆ ಹಾಕುವುದು ಮೇಲು. ಕಾಚಂಪುಳಿಯ ಗಸಿ ಖಂಡಿತ ಬೇಡ, ಅಷ್ಟು ಹುಳಿಗೆ ಮಾಂಸವೇ ಮೆತ್ತಗಾಗುವಾಗ ಹುಳು ಯಾವ ಲೆಕ್ಕ. ಮೂಳೆ, ಮಾಂಸದ ಚೂರು, ಎಣ್ಣೆ ಜಿಡ್ಡು ಹಾಕಿದರೆ ಹುಳುವಿಗಿಂತ ಮೊದಲು ಬರುವುದು ಹೆಗ್ಗಣ, ಅದರ ಹಿಂದೆ ಕಬ್ಬೆಕ್ಕು. ಉಪ್ಪು ಬಿದ್ದ ಸಾರು, ಉಪ್ಪಿನಕಾಯಿಯೂ ಬೇಡ.

ಬೂದಿಯ ಬಗ್ಗೆ ಮಾತ್ರ ಎರಡು ಮಾತು. ಡಬ್ಬ ಹುಳಿ ಬಂದಾಗ ಬೂದಿ ಎರಚುವುದು ನಮ್ಮ ಹಿರಿಯರ ರೂಢಿ. ಎರಡು ಬೆರಳಲ್ಲಿ ಹಿಡಿಯುವಷ್ಟಾದರೆ ಸರಿ. ಬೊಗಸೆ ಸುರಿದರೆ ಕ್ಷಾರಕ್ಕೆ ಹುಳು ಒದ್ದಾಡುತ್ತದೆ. ನಾನು ಬಳಸುವುದು ಮೊಟ್ಟೆಯ ಚಿಪ್ಪು: ಒಲೆಯ ಪಕ್ಕ ಒಣಗಿಸಿ, ಅರೆಯುವ ಕಲ್ಲಿನಲ್ಲಿ ರವೆಯ ಹದಕ್ಕೆ ಕುಟ್ಟಿ, ವಾರಕ್ಕೊಂದು ಚಮಚೆ. ಹುಳಿಯೂ ತಗ್ಗುತ್ತದೆ, ಹುಳುವಿನ ಹೊಟ್ಟೆಯಲ್ಲಿ ಬೀಸುವ ಕಲ್ಲೂ ಆಗುತ್ತದೆ. ತೋಟಕ್ಕೆ ಎರಚುವ ಕೃಷಿ ಸುಣ್ಣ ಇದ್ದರೆ ಚಿಟಿಕೆ ಹಾಕಬಹುದು. ಎಲೆಯಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಎರಡೂ ಸುಡುತ್ತವೆ.

ಅದೇ ಪತ್ರದ ಅಂಚಿನಲ್ಲಿ ಮೇಷ್ಟರ ಮನೆಯವರ ಕೈಬರಹದಲ್ಲಿ: ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು (ಆ ದಿನ ನಾವು ತಿನ್ನುವ, ನೇರಳೆ ರಸ ಬಿಡುವ ಔಷಧಿ ಸೊಪ್ಪು) ಕುದಿಸಿ ಸೋಸಿದ ಚರಟ ಹಾಕಬಹುದೇ? ಹುಳು ನೇರಳೆ ಆದೀತೇ?

ಹಾಕಿದ್ದೇನೆ. ಹತ್ತು ದಿನದಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು, ಹುಳು ಕೆಂಪಗೇ ಇತ್ತು. ಬಣ್ಣ ಬದಲಾಗುವುದು ಅದನ್ನು ತಿಂದ ನಮ್ಮಲ್ಲಿ ಮಾತ್ರ. ಯಾವಾಗ, ಎಲ್ಲಿ ಎಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ.

ವಿರಾಜಪೇಟೆಯಿಂದ: ನನ್ನ ಡಬ್ಬದಲ್ಲಿ ಎರೆಹುಳುವಿಗಿಂತ ಬೇರೆ ಹುಳುಗಳೇ ಹೆಚ್ಚಾಗಿವೆ. ಬೂದು ಬಣ್ಣದ ದಪ್ಪ ಮರಿಹುಳುಗಳು, ದಾರದಂಥ ಬಿಳಿ ಹುಳುಗಳು, ಹಣ್ಣಿನ ನೊಣ. ಮೊನ್ನೆ ತಲೆ ಸುತ್ತಿಗೆಯ ಹಾಗಿರುವ, ಬೆನ್ನ ಮೇಲೆ ಗೆರೆಯಿರುವ ಲೋಳೆ ಹುಳು ಒಂದು ಸಿಕ್ಕಿತು. ಡಬ್ಬ ಎಸೆದುಬಿಡಲೇ?

ಎಸೆಯಬೇಡಿ. ನೀವು ಕಂಡವರಲ್ಲಿ ಶತ್ರು ಒಬ್ಬನೇ, ಕೊನೆಯವನು. ಸುತ್ತಿಗೆ ತಲೆಯದ್ದು ಚಪ್ಪಟೆ ಹುಳು, ಅದರ ಊಟವೇ ಎರೆಹುಳು. ತೇವದ ಜಾಗ ಅದಕ್ಕೆ ಪ್ರೀತಿ, ಮಳೆಗಾಲದಲ್ಲಿ ಕುಂಡದಡಿಯಿಂದ ನುಸುಳುತ್ತದೆ. ಸಿಟ್ಟಿನಲ್ಲಿ ಕತ್ತಿಯಿಂದ ತುಂಡು ಮಾಡಬೇಡಿ; ತುಂಡುಗಳೆಲ್ಲ ಬೆಳೆದು ಒಂದೊಂದು ಹುಳುವಾಗಬಲ್ಲವು, ರಕ್ತಬೀಜಾಸುರನ ವಂಶ. ಬರಿಗೈಯಲ್ಲಿ ಮುಟ್ಟದೆ ಕಡ್ಡಿಯಿಂದ ಎತ್ತಿ ಗಟ್ಟಿ ಉಪ್ಪುನೀರಿಗೆ ಹಾಕಿ. ಡಬ್ಬ ನೆಲಕ್ಕೆ ತಾಗದಂತೆ ಸ್ಟೂಲಿನ ಮೇಲಿಡಿ. ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಕರಟಗಳಲ್ಲಿ ನಿಲ್ಲಿಸಿದರೆ ಇರುವೆಯೂ ಹತ್ತದು. ಸೊಳ್ಳೆ ಮೊಟ್ಟೆ ಇಡದಂತೆ ಆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ.

ಬೂದು ಮರಿಗಳು ಸೈನಿಕ ನೊಣದವು. ದೊಡ್ಡದಾದ ಮೇಲೆ ಕಪ್ಪು ಕಣಜದಂತೆ ಕಾಣುತ್ತದೆ, ಆದರೆ ಕಚ್ಚುವುದಿಲ್ಲ, ಅಡುಗೆಮನೆಗೂ ಬರುವುದಿಲ್ಲ. ಎರೆಹುಳುವನ್ನು ತಿನ್ನದು, ಅದರ ಅನ್ನ ಕಸಿಯುತ್ತದೆ ಅಷ್ಟೆ. ದಾರದಂಥ ಬಿಳಿಯವು ಎರೆಹುಳುವಿನ ಬಡ ನೆಂಟರು. ಡಬ್ಬ ಹುಳಿಯಾಗಿ ಒದ್ದೆಯಾದಾಗ ವಂಶ ಬೆಳೆಸುತ್ತವೆ. ಹಣ್ಣಿನ ನೊಣ ಬಂದದ್ದು ಸಿಪ್ಪೆಯನ್ನು ಹೂಳದೆ ಮೇಲೇ ಬಿಟ್ಟದ್ದರಿಂದ. ಈ ಮೂವರೂ ಹೇಳುತ್ತಿರುವುದು ಒಂದೇ: ನೀವು ಹಾಕುತ್ತಿರುವುದು ಹೆಚ್ಚಾಗಿದೆ. ಹತ್ತು ದಿನ ಉಪವಾಸ ಹಾಕಿ. ಒಣ ಕಾಗದ ಎರಡು ಬೆರಳು ದಪ್ಪ ಮುಚ್ಚಿ. ಹುಳುಗಳು ಸಾಯುವುದಿಲ್ಲ, ಕಾಗದವನ್ನೇ ತಿಂದುಕೊಂಡಿರುತ್ತವೆ. ಎರಡು ವಾರ ಮದುವೆಗಳಿಗೆಂದು ಊರೂರು ತಿರುಗಿ ಬಂದಾಗ ನನ್ನ ಡಬ್ಬ ಎಂದಿಗಿಂತ ಚೆನ್ನಾಗಿತ್ತು ಎಂಬುದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಭಾಗಮಂಡಲದಿಂದ: ಡಬ್ಬಕ್ಕೆ ಇಂಬಳ (ಜಿಗಣೆ) ಬರುವುದಿಲ್ಲವೇ?

ಬಂದರೂ ನಿಮ್ಮನ್ನು ಹುಡುಕಿಕೊಂಡೇ ಬರುತ್ತದೆ, ಹುಳುವನ್ನಲ್ಲ. ಕಾಲು ನೋಡಿಕೊಳ್ಳಿ.

ಕುಶಾಲನಗರದಿಂದ ಐದನೇ ತರಗತಿಯ ಹುಡುಗ: ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತದೆ ಎಂದು ಗೆಳೆಯ ಹೇಳಿದ. ನಿಜವೇ? ಹುಳುವಿಗೆ ಕಿವಿ ಕೇಳಿಸುತ್ತದೆಯೇ?

ಇಲ್ಲ ಮರಿ, ಎರಡು ಆಗುವುದಿಲ್ಲ. ನಮ್ಮ ಡಬ್ಬದ ಕೆಂಪು ಹುಳುವಿನ ತಲೆಯ ಕಡೆಯ ತುಂಡು ಉದ್ದವಾಗಿದ್ದರೆ ಕೆಲವೊಮ್ಮೆ ಬದುಕಿ ಹೊಸ ಬಾಲ ಬೆಳೆಸಿಕೊಳ್ಳುತ್ತದೆ. ಬಾಲದ ತುಂಡು ಸ್ವಲ್ಪ ಹೊತ್ತು ಹೊರಳಾಡಿ ಸಾಯುತ್ತದೆ. ಗೆಳೆಯನಿಗೆ ಹೇಳು, ಪರೀಕ್ಷೆ ಮಾಡುವುದು ಬೇಡ.

ಕಿವಿಯ ವಿಷಯ ನಿನಗಿಂತ ಮೊದಲೇ ಒಬ್ಬರಿಗೆ ಅನುಮಾನ ಬಂದಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅಜ್ಜ ಎರೆಹುಳುಗಳನ್ನು ಕುಂಡದಲ್ಲಿ ಸಾಕಿ, ಅವುಗಳ ಮುಂದೆ ಸೀಟಿ ಊದಿಸಿ, ಮಗನಿಂದ ಬಸೂನ್ ಎಂಬ ದೊಡ್ಡ ವಾದ್ಯ ನುಡಿಸಿ ನೋಡಿದರು. ಹುಳುಗಳು ಕ್ಯಾರೇ ಎನ್ನಲಿಲ್ಲ. ಆಮೇಲೆ ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರದ ಮನೆ ಒತ್ತಿದರು. ಹುಳುಗಳು ಸರ್ರನೆ ಬಿಲಕ್ಕೆ ಇಳಿದವು. ಕಿವಿಯಿಲ್ಲ, ಆದರೆ ನಡುಕ ಮೈಗೆ ತಿಳಿಯುತ್ತದೆ. 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಆ ಅಜ್ಜ ಎರೆಹುಳುವಿನ ಮೇಲೆಯೇ ಒಂದು ಇಡೀ ಪುಸ್ತಕ ಪ್ರಕಟಿಸಿದರು.

ನಿನಗೊಂದು ಕೆಲಸ ಕೊಡುತ್ತೇನೆ. ಮನೆಯ ಡಬ್ಬದಲ್ಲಿ ರಾಗಿಗಿಂತ ದೊಡ್ಡ, ಅಕ್ಕಿಗಿಂತ ಗಿಡ್ಡ, ನಿಂಬೆಹಣ್ಣಿನ ಆಕಾರದ ಜೇನಿನ ಬಣ್ಣದ ಕಾಳು ಹುಡುಕು. ಅದು ಮೊಟ್ಟೆಗೂಡು. ಒದ್ದೆ ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರೆ, ಬಣ್ಣ ಕೆಂಪಿಗೆ ತಿರುಗಿದ್ದರಲ್ಲಿ ಕೂದಲಿನಂಥ ಎಳೆ ಒಳಗೆ ಮಡಚಿಕೊಂಡು ಅಲುಗುವುದು ಕಾಣುತ್ತದೆ. ಅದೇ ಮರಿ. ಒಂದು ಗೂಡಿನಲ್ಲಿ ಎರಡು ಮೂರು ಇರಬಹುದು. ನೋಡಿದ ಮೇಲೆ ತೆಗೆದ ಜಾಗದಲ್ಲೇ ಇಡು.

ನಿಮ್ಮ ಊರು ನಮ್ಮದಕ್ಕಿಂತ ಬಿಸಿ. ಅಪ್ಪನಿಗೆ ಹೇಳು: ಮಾರ್ಚ್, ಏಪ್ರಿಲ್‌ನಲ್ಲಿ ಡಬ್ಬವನ್ನು ಮನೆಯ ಉತ್ತರದ ಗೋಡೆಯ ನೆರಳಿಗೆ ಸರಿಸಿ, ಒದ್ದೆ ಗೋಣಿ ಹೊದಿಸಬೇಕು.

ಪೊನ್ನಂಪೇಟೆಯಿಂದ: ನಾಲ್ಕು ತಿಂಗಳಾಯಿತು, ಡಬ್ಬ ತುಂಬಿದೆ. ಗೊಬ್ಬರದಿಂದ ಹುಳುಗಳನ್ನು ಬೇರೆ ಮಾಡುವುದು ಹೇಗೆ? ಆಂಥೂರಿಯಂ ಕುಂಡಗಳಿಗೆ ಎಷ್ಟು ಹಾಕಬೇಕು? ಅಡಿಯ ತಟ್ಟೆಯಲ್ಲಿ ಬೀಳುವ ಕಪ್ಪು ನೀರೇ ಎರೆಜಲವೇ?

ಮೇಲಿನ ಪದರ ಚಹಾಪುಡಿಯ ಹಾಗೆ ಕಪ್ಪಾಗಿ, ಏನು ಹಾಕಿದ್ದಿರಿ ಎಂದು ಗುರುತು ಸಿಗದಂತಾಗಿದ್ದರೆ ತೆಗೆಯುವ ಸಮಯ. ಸೋಮಾರಿಗಳ ದಾರಿ ನನ್ನದು: ಒಂದು ವಾರ ಮೊದಲೇ ಊಟವನ್ನು ಎಡಗಡೆ ಮಾತ್ರ ಹಾಕುತ್ತೇನೆ. ಹುಳುಗಳು ಪಂಕ್ತಿ ಇರುವ ಕಡೆ ಸರಿಯುತ್ತವೆ, ಬಲಗಡೆಯದ್ದು ನನ್ನದು. ತಾಳ್ಮೆ ಇರುವವರು ಬಿಸಿಲು ಬೀಳದ ಬೆಳಕಿನಲ್ಲಿ ಗೋಣಿಯ ಮೇಲೆ ಗೋಪುರದ ಹಾಗೆ ಸುರಿದು, ಹದಿನೈದು ನಿಮಿಷಕ್ಕೊಮ್ಮೆ ಮೇಲಿನದ್ದನ್ನು ಕೆರೆದು ತೆಗೆಯಬಹುದು. ಬೆಳಕಿಗೆ ಹೆದರಿ ಹುಳುಗಳು ಇಳಿಯುತ್ತಾ ಹೋಗಿ ಕೊನೆಗೆ ತಳದಲ್ಲಿ ಒಂದು ಉಂಡೆಯಾಗುತ್ತವೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕೂತರೆ ಕೋಳಿಗಳೂ ಸುತ್ತ ಕೂರುತ್ತವೆ. ಮೊದಲು ಅವುಗಳನ್ನು ಗೂಡಿಗೆ ಹಾಕಿ.

ಆಂಥೂರಿಯಂ ಬೇರಿಗೆ ಗಾಳಿ ಬೇಕು, ಬರೀ ಎರೆಗೊಬ್ಬರ ತುಂಬಿದರೆ ಕೊಳೆಯುತ್ತದೆ. ಒಂದು ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ, ಬುಡಕ್ಕೆ ತಾಗದಂತೆ ಅಂಚಿನಲ್ಲಿ. ತರಕಾರಿ ಸಸಿಯ ಮಡಿಗೆ ಐದು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಕಾಳುಮೆಣಸಿನ ಹೊ‌ಸ ಬಳ್ಳಿ ನೆಡುವ ಗುಂಡಿಗೂ ಎರಡು ಹಿಡಿ ಹಾಕುತ್ತೇನೆ. ತೆಗೆದ ಗೊಬ್ಬರವನ್ನು ಬಿಸಿಲಿಗೆ ಒಣಗಿಸಬೇಡಿ. ತೇವ ಪೂರ್ತಿ ಹೋದರೆ ಅದರೊಳಗಿನ ಜೀವವೂ ಹೋಗುತ್ತದೆ. ಗೋಣಿಚೀಲದಲ್ಲಿ ಬಾಯಿ ಸಡಿಲ ಕಟ್ಟಿ ನೆರಳಿನಲ್ಲಿಡಿ.

ತಟ್ಟೆಯ ನೀರು ಎರೆಜಲವಲ್ಲ. ಮಾರುವವರು ಎರಡನ್ನೂ ಒಂದೇ ಬಾಟಲಿಗೆ ತುಂಬುವುದುಂಟು, ನಂಬಬೇಡಿ. ಹುಳುಗಳು ತುಂಬಿದ, ಚೆನ್ನಾಗಿ ಮಾಗಿದ ಪದರದ ಮೇಲೆ ಶುದ್ಧ ನೀರನ್ನು ಹನಿ ಹನಿಯಾಗಿ ಇಳಿಸಿ ಹಿಡಿದದ್ದು ಎರೆಜಲ. ಹತ್ತು ಪಾಲು ನೀರು ಬೆರೆಸಿ ಎಲೆಗಳಿಗೆ ಸಿಂಪಡಿಸಬಹುದು. ನಿಮ್ಮ ತಟ್ಟೆಯದು ಅರ್ಧ ಕೊಳೆತ ಸಿಪ್ಪೆಗಳಿಂದ ಸೋರಿದ ನೀರು. ಅದರಲ್ಲಿ ಏನಿದೆ ಎಂದು ನನಗಾಗಲಿ ನಿಮಗಾಗಲಿ ಕಾಣಿಸುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದನ್ನು ಹಾಕಲೇಬೇಡಿ. ನಾನು ಅದಕ್ಕೆ ಒಂದು ಬಕೆಟ್ ನೀರು ಸೇರಿಸಿ ದಾಸವಾಳದ ಬೇಲಿಯ ಬುಡಕ್ಕೆ ಸುರಿಯುತ್ತೇನೆ. ದಿನಾ ಒಂದು ಲೋಟಕ್ಕಿಂತ ಹೆಚ್ಚು ಬೀಳುತ್ತಿದ್ದರೆ ಮೊದಲು ಡಬ್ಬಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ.